ಕೈಗೆ ಹೊನ್ನು ಬಂದಾಗ: ಕಲ್ಯಾಣ ನಗರದ ಎರಡು ಪಟ್ಟಿಗಳು



ನಾಳೆ ಬೆಳಗಾಗುವುದರೊಳಗೆ ನಿಮ್ಮ ಕೈಗೆ ಒಂದು ಕೋಟಿ ರೂಪಾಯಿ ಬಂದರೆ ಏನೇನು ಕೊಳ್ಳುವಿರಿ? ಹಾಸ್ಟೆಲಿನ ಕೋಣೆಯಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಬಾರದ ದಿನವಿಲ್ಲ. ಒಬ್ಬರು ಕಾರು ಎನ್ನುತ್ತಾರೆ, ಒಬ್ಬರು ಬೆಂಗಳೂರಿನಲ್ಲಿ ಒಂದು ಫ್ಲಾಟು ಎನ್ನುತ್ತಾರೆ, ಮತ್ತೊಬ್ಬರು ಅವ್ವನ ಕೊರಳಿಗೆ ಬಂಗಾರದ ಸರ ಎನ್ನುತ್ತಾರೆ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಗುವವರೆಗೆ ಈ ಕನಸು ಬಸ್ ನಿಲ್ದಾಣದ ಪಕ್ಕದ ಮೇಜಿನ ಮೇಲೆ ಚೀಟಿಯ ರೂಪದಲ್ಲಿ ಮಾರಾಟವಾಗುತ್ತಿತ್ತು. 2012ರಲ್ಲಿ ಕೋಟಿ ಬಹುಮಾನದ ರಸಪ್ರಶ್ನೆ ಕಾರ್ಯಕ್ರಮ ಕನ್ನಡದ ಕಿರುತೆರೆಗೆ ಬಂದಾಗಲೂ ನಿರೂಪಕರು ಸ್ಪರ್ಧಿಗಳಿಗೆ ತಪ್ಪದೆ ಕೇಳುತ್ತಿದ್ದ ಮಾತು ಇದೇ: ಗೆದ್ದರೆ ಹಣವನ್ನು ಏನು ಮಾಡುತ್ತೀರಿ?

ಇದನ್ನು ಬರಿಯ ಹರಟೆ ಎಂದು ತಳ್ಳಿಹಾಕಬೇಕಾಗಿಲ್ಲ. ಜನ ಏನನ್ನು ಬಯಸುತ್ತಿದ್ದರು ಎಂಬುದು ಇತಿಹಾಸಕಾರರಿಗೆ ಬಹು ಮುಖ್ಯವಾದ ಸಂಗತಿ. ಯುದ್ಧಗಳ ಇಸವಿಗಳು ಹೇಳದ ಎಷ್ಟೋ ವಿಷಯಗಳನ್ನು ಬಯಕೆಗಳ ಪಟ್ಟಿ ಹೇಳುತ್ತದೆ. ಆ ಕಾಲದಲ್ಲಿ ಯಾವ ವಸ್ತು ದುರ್ಲಭವಾಗಿತ್ತು, ಅದು ಯಾವ ದೇಶದಿಂದ ಬರುತ್ತಿತ್ತು, ಅದನ್ನು ಮಾಡಿದವರು ಯಾರು, ಅನುಭವಿಸಿದವರು ಯಾರು ಎಂಬುದೆಲ್ಲ ಅದರಲ್ಲಿ ಅಡಗಿರುತ್ತದೆ. ಇಂಥ ಪಟ್ಟಿಯೊಂದು ನಮ್ಮ ನಾಡಿನಲ್ಲಿಯೇ, ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ಸುಮಾರು 900 ವರ್ಷಗಳ ಹಿಂದೆ ಸಿದ್ಧವಾಯಿತು. ಅದನ್ನು ಬರೆದವನು ಸ್ವತಃ ಒಬ್ಬ ಚಕ್ರವರ್ತಿ. ಇನ್ನೂ ಕುತೂಹಲದ ಸಂಗತಿಯೆಂದರೆ, ಅವನ ಕಾಲದಿಂದ ಒಂದು ತಲೆಮಾರು ಕಳೆಯುವುದರೊಳಗೆ ಅದೇ ಊರಿನಲ್ಲಿ ಇನ್ನೊಂದು ಬಗೆಯ ಪಟ್ಟಿಯೂ ರೂಪುಗೊಂಡಿತು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ಈ ಲೇಖನದ ಉದ್ದೇಶ.

ಊರಿಗೆ ಬಂದ ಸಿರಿ

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿ ಹುಮನಾಬಾದನ್ನು ದಾಟಿ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ಸಾಗಿದರೆ ಬಸವಕಲ್ಯಾಣ ಸಿಗುತ್ತದೆ. ಕಲ್ಲಿನ ಕೋಟೆ, ಹಳೆಯ ಪೇಟೆ, ಸುತ್ತಲೂ ತೊಗರಿ, ಸೋಯಾ, ಕಬ್ಬಿನ ಹೊಲಗಳು. ಇದು ಒಂದು ಕಾಲದಲ್ಲಿ ದಕ್ಷಿಣ ಭಾರತದ ಅತಿ ದೊಡ್ಡ ಸಾಮ್ರಾಜ್ಯಗಳಲ್ಲೊಂದರ ರಾಜಧಾನಿಯಾಗಿತ್ತು ಎಂದರೆ ಹೊಸಬರು ನಂಬುವುದು ಕಷ್ಟ.

ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ 1042ರಿಂದ 1068ರವರೆಗೆ ಆಳಿದನು. ಆಹವಮಲ್ಲ ಎಂಬುದು ಅವನ ಬಿರುದು. ಮಾನ್ಯಖೇಟದಲ್ಲಿದ್ದ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಲ್ಲಿದ್ದ ರಾಜಧಾನಿಯನ್ನು ಅವನು ಕಲ್ಯಾಣಕ್ಕೆ ತಂದನು. ರಾಜಧಾನಿ ಬಂತೆಂದರೆ ಅದರ ಬೆನ್ನಿಗೆ ಸೈನ್ಯ, ಕರಣಿಕರು, ಶಿಲ್ಪಿಗಳು, ಅಕ್ಕಸಾಲಿಗರು, ಸೆಟ್ಟಿಗಳು ಎಲ್ಲರೂ ಬರುತ್ತಾರೆ. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ತನ್ನ ಹೆಸರಿನಲ್ಲೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿ 50 ವರ್ಷ ಆಳಿದನು. ಇಷ್ಟು ದೀರ್ಘಕಾಲ ಒಂದೇ ಕೈಯಲ್ಲಿ ಆಡಳಿತವಿದ್ದುದರಿಂದ ವ್ಯಾಪಾರ ಬೆಳೆಯಿತು, ಬೊಕ್ಕಸ ತುಂಬಿತು.

ಆ ವ್ಯಾಪಾರ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಒಂದು ಉದಾಹರಣೆ ಸಾಕು. ನಮ್ಮ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ತಮಿಳು ಶಾಸನವೊಂದು ಇಂಡೋನೇಷ್ಯದ ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿ, ಬಾರೂಸ್ ಎಂಬ ಊರಿನ ಬಳಿ ಸಿಕ್ಕಿದೆ. ಅದರ ಕಾಲ 1088. ಅಷ್ಟು ದೂರ ಆ ವರ್ತಕರನ್ನು ಸೆಳೆದ ವಸ್ತು ಯಾವುದು? ಬಾರೂಸ್ ಹೆಸರುವಾಸಿಯಾಗಿದ್ದುದು ಕರ್ಪೂರಕ್ಕೆ. ಅಲ್ಲಿನ ಕಾಡಿನ ಒಂದು ಜಾತಿಯ ಹೆಮ್ಮರದ ಕಾಂಡದೊಳಗಿನ ಬಿರುಕುಗಳಲ್ಲಿ ಅದು ಹರಳುಗಟ್ಟುತ್ತದೆ. ಎಲ್ಲ ಮರಗಳಲ್ಲೂ ಅದು ಇರುವುದಿಲ್ಲ. ಮರವನ್ನು ಕಡಿದು ಸೀಳಿದ ಮೇಲೆಯೇ ಗೊತ್ತಾಗುವುದು. ಆದ್ದರಿಂದ ಅದರ ಬೆಲೆ ಬಹಳ. ಕಾಡಿನಲ್ಲಿ ಮರ ಸೀಳಿದವನು, ಹಡಗು ನಡೆಸಿದವನು, ಎತ್ತಿನ ಮೇಲೆ ಹೇರು ಹಾಕಿ ಘಟ್ಟ ಹತ್ತಿಸಿದವನು, ಇವರೆಲ್ಲರ ದುಡಿಮೆಯ ಕೊನೆಯಲ್ಲಿ ಅರಸನ ತಾಂಬೂಲಕ್ಕೆ ಒಂದು ಚಿಟಿಕೆ ಕರ್ಪೂರ ಸೇರುತ್ತಿತ್ತು.

ಕವಿಯ ಆನೆ, ಕವಿಯ ಕೊಡೆ

ಸಿರಿ ಇದ್ದ ಕಡೆಗೆ ಪ್ರತಿಭೆಯೂ ನಡೆದು ಬರುತ್ತದೆ. ಬಿಲ್ಹಣ ಎಂಬ ಕವಿ ಕಾಶ್ಮೀರದ ಶ್ರೀನಗರದ ಬಳಿಯ ಖೋನಮುಖ ಎಂಬ ಊರಿನವನು. ಅದು ಇಂದಿನ ಖುನ್‌ಮೋಹ್. ಅವನು ಊರು ಬಿಟ್ಟು ಮಥುರಾ, ಕನೌಜ್, ಪ್ರಯಾಗ, ಕಾಶಿ, ಗುಜರಾತುಗಳನ್ನು ಸುತ್ತಿ, ಹಲವು ಆಸ್ಥಾನಗಳನ್ನು ಕಂಡು, ಕಡೆಗೆ ಕಲ್ಯಾಣಕ್ಕೆ ಬಂದನು. ವಿಕ್ರಮಾದಿತ್ಯ ಅವನಿಗೆ ‘ವಿದ್ಯಾಪತಿ’ ಎಂಬ ಪದವಿ ಕೊಟ್ಟನು. ಬಿಲ್ಹಣ ಅರಸನನ್ನು ಕುರಿತು 18 ಸರ್ಗಗಳ ‘ವಿಕ್ರಮಾಂಕದೇವಚರಿತ’ವನ್ನು ಬರೆದನು. ಈ ಕಾವ್ಯದ ಹಸ್ತಪ್ರತಿಯನ್ನು ಜರ್ಮನ್ ವಿದ್ವಾಂಸ ಜಾರ್ಜ್ ಬ್ಯೂಲರ್ 1874ರಲ್ಲಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಕಂಡು, ಮರುವರ್ಷ ಪ್ರಕಟಿಸಿದನು.

ಅಲೆಮಾರಿ ಕವಿಗೆ ಕಲ್ಯಾಣದಲ್ಲಿ ದೊರೆತ ವೈಭವದ ವಿಷಯ ಕಾಶ್ಮೀರದವರೆಗೂ ಮುಟ್ಟಿತ್ತು. ಕಲ್ಹಣ 1148–1150ರ ಅವಧಿಯಲ್ಲಿ ಬರೆದ ‘ರಾಜತರಂಗಿಣಿ’ಯಲ್ಲಿ ಅದರ ಪ್ರಸ್ತಾಪವಿದೆ. ಕರ್ಣಾಟದ ಅರಸನ ಕಣ್ಣೆದುರಿನಲ್ಲೇ ಬಿಲ್ಹಣ ಎತ್ತಿ ಹಿಡಿದ ಕೊಡೆಯೊಡನೆ ಆನೆಯ ಮೇಲೆ ಸಾಗುತ್ತಿದ್ದನಂತೆ. ಆ ಕಾಲದಲ್ಲಿ ಕೊಡೆ ಎಂಬುದು ಮಳೆ ಬಿಸಿಲಿನ ಸಾಧನವಷ್ಟೇ ಆಗಿರಲಿಲ್ಲ. ಅರಸು ಕೊಟ್ಟ ಹೊರತು ಅದನ್ನು ಹಿಡಿಸಿಕೊಳ್ಳುವ ಹಕ್ಕು ಯಾರಿಗೂ ಇರಲಿಲ್ಲ. ಆದರೆ ಕಲ್ಹಣ ಮುಂದೆ ಇನ್ನೂ ಒಂದು ಮಾತು ಹೇಳುತ್ತಾನೆ. ತನ್ನ ತವರುನಾಡಿನಲ್ಲಿ ಹರ್ಷ ಎಂಬ ಹೊಸ ಅರಸ ಕವಿಗಳಿಗೆ ಆಪ್ತನಾಗಿದ್ದಾನೆಂದು ಕೇಳಿದಾಗ ಬಿಲ್ಹಣನಿಗೆ ತನ್ನ ಅಷ್ಟು ದೊಡ್ಡ ವೈಭವವೂ ಪೊಳ್ಳೆನಿಸಿತಂತೆ. ಆನೆ ಬಂದಿತ್ತು, ಕೊಡೆ ಬಂದಿತ್ತು. ಊರಿನ ನೆನಪು ಮಾತ್ರ ಹೋಗಿರಲಿಲ್ಲ.

ಸಿಕ್ಕಿದ ನಿಧಿ ಯಾರದು?

ಹಠಾತ್ತಾಗಿ ಬಂದ ಹಣಕ್ಕೆ ಕಾನೂನಿನ ಪ್ರಶ್ನೆಯೂ ಉಂಟು. ವಿಕ್ರಮಾದಿತ್ಯನ ಕಾಲದಲ್ಲೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ‘ಮಿತಾಕ್ಷರ’ ಎಂಬ ಗ್ರಂಥವನ್ನು ರಚಿಸಿದನು. ಇದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಕಲಬುರಗಿ ಜಿಲ್ಲೆಯ ಮರತೂರಿನ ಜನ ವಿಜ್ಞಾನೇಶ್ವರನನ್ನು ತಮ್ಮ ಊರಿನವನೆಂದು ಹೆಮ್ಮೆಯಿಂದ ನೆನೆಯುತ್ತಾರೆ. ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಯಲ್ಲಿ ಬಂಗಾಳದಂಥ ಕೆಲವು ಭಾಗಗಳನ್ನು ಬಿಟ್ಟು ದೇಶದ ಬಹುಭಾಗದ ನ್ಯಾಯಾಲಯಗಳು ಈ ಗ್ರಂಥವನ್ನೇ ಆಧಾರವಾಗಿ ಹಿಡಿದುಕೊಂಡು ಬಂದವು.

ನೆಲದಲ್ಲಿ ಹೂತಿಟ್ಟ ನಿಧಿ ಸಿಕ್ಕರೆ ಏನು ಮಾಡಬೇಕೆಂಬುದನ್ನೂ ಈ ಗ್ರಂಥ ಚರ್ಚಿಸುತ್ತದೆ. ಸಾಮಾನ್ಯನಿಗೆ ನಿಧಿ ಸಿಕ್ಕರೆ ಅರಸ ಅವನಿಗೆ ಆರರಲ್ಲಿ ಒಂದು ಪಾಲು ಕೊಟ್ಟು ಉಳಿದುದನ್ನು ತಾನು ತೆಗೆದುಕೊಳ್ಳಬೇಕು. ಮುಚ್ಚಿಟ್ಟವನಿಗೆ ದಂಡ ವಿಧಿಸಬೇಕು. ವಿದ್ವಾಂಸನಾದ ಬ್ರಾಹ್ಮಣನಿಗೆ ಸಿಕ್ಕರೆ ಮಾತ್ರ ಪೂರ್ತಿ ಅವನದೇ. ಅಂದರೆ ಅದೃಷ್ಟ ಎಲ್ಲರ ಬಾಗಿಲಿಗೂ ಬರಬಹುದಾದರೂ ಅದರಲ್ಲಿ ಯಾರಿಗೆ ಎಷ್ಟು ಎಂಬುದನ್ನು ಹುಟ್ಟು ಮತ್ತು ಅಧಿಕಾರಗಳು ತೀರ್ಮಾನಿಸುತ್ತಿದ್ದವು. ಬ್ರಿಟಿಷರ ಕಾಲದಲ್ಲಿ, 1878ರ ನಿಧಿ ಕಾಯ್ದೆಯ ಪ್ರಕಾರ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸುವುದು ಕಡ್ಡಾಯವಾಯಿತು. ಕರ್ನಾಟಕಕ್ಕೆ 1962ರ ತನ್ನದೇ ಆದ ನಿಧಿ ಕಾಯ್ದೆಯಿದೆ. ಕಾನೂನಿನ ಈ ದಾರಿಯಲ್ಲಿ ಜಾತಿಯ ಪ್ರಶ್ನೆ ಬಿದ್ದುಹೋಯಿತು. ಸಿಕ್ಕಿದ್ದನ್ನು ತಿಳಿಸಬೇಕೆಂಬ ಕರ್ತವ್ಯ ಉಳಿಯಿತು.

ಮೊದಲ ಪಟ್ಟಿ: ಅರಸನ ಇಪ್ಪತ್ತು ಭೋಗಗಳು

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದನು. ಯುದ್ಧಕ್ಕಿಂತ ಪುಸ್ತಕದಲ್ಲಿ ಆಸಕ್ತಿ ಹೆಚ್ಚು. ‘ಸರ್ವಜ್ಞ ಚಕ್ರವರ್ತಿ’ ಎಂದು ಜನ ಕರೆದರು. ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಇನ್ನೊಂದು ಹೆಸರಿದೆ. ಬಯಸಿದ್ದನ್ನೆಲ್ಲ ಕೊಡುವ ರತ್ನ ಎಂದು ಅದರ ಅರ್ಥ. ಗ್ರಹಗಳ ಗಣಿತಕ್ಕೆ ಆಧಾರವಾಗಿ ಗ್ರಂಥದಲ್ಲೇ ಶಕವರ್ಷ 1051ನ್ನು ಕೊಟ್ಟಿರುವುದರಿಂದ ಅದರ ಕಾಲ ಸುಮಾರು 1129 ಎಂದು ತಿಳಿಯುತ್ತದೆ.

ಗ್ರಂಥದಲ್ಲಿ ಐದು ಭಾಗಗಳಿವೆ. ಒಂದೊಂದು ಭಾಗದಲ್ಲಿ ಇಪ್ಪತ್ತು ಅಧ್ಯಾಯಗಳಿರುವುದರಿಂದ ಅವಕ್ಕೆ ‘ವಿಂಶತಿ’ ಎಂದು ಹೆಸರು. ಈ ಐದರ ಅನುಕ್ರಮವನ್ನು ಗಮನಿಸಬೇಕು. ಮೊದಲನೆಯದು ರಾಜ್ಯ ಪಡೆಯಲು ಬೇಕಾದ ನಡತೆ: ಸುಳ್ಳು ಹೇಳದಿರುವುದು, ಪರರಿಗೆ ದ್ರೋಹ ಮಾಡದಿರುವುದು, ಸಿಟ್ಟು ಬಿಡುವುದು, ತನ್ನನ್ನು ತಾನೇ ಹೊಗಳಿಕೊಳ್ಳದಿರುವುದು, ದಾನ, ಅತಿಥಿ ಸತ್ಕಾರ, ದೀನರು ಅನಾಥರನ್ನು ಪೋಷಿಸುವುದು ಮುಂತಾದವು. ಎರಡನೆಯದು ಪಡೆದ ರಾಜ್ಯವನ್ನು ಉಳಿಸಿಕೊಳ್ಳುವ ಬಗೆ. ಮಂತ್ರಿಗಳು, ಬೊಕ್ಕಸ, ರತ್ನಪರೀಕ್ಷೆ, ಸೈನ್ಯ ಇಲ್ಲಿ ಬರುತ್ತವೆ. ಭೋಗದ ಮಾತು ಬರುವುದು ಮೂರನೆಯ ಭಾಗದಲ್ಲಿ. ನಾಲ್ಕನೆಯದು ವಿನೋದಗಳು, ಐದನೆಯದು ಆಟಗಳು. ನಡತೆ, ಜವಾಬ್ದಾರಿ, ಆಮೇಲೆ ಸುಖ ಎಂಬ ಕ್ರಮವನ್ನು ಚಕ್ರವರ್ತಿ ತಾನೇ ಹಾಕಿಕೊಂಡಿದ್ದಾನೆ.

ಆ ಇಪ್ಪತ್ತು ಭೋಗಗಳು ಇವು: ಮನೆ, ಸ್ನಾನ, ಪಾದುಕೆ, ತಾಂಬೂಲ, ಗಂಧಲೇಪನ, ವಸ್ತ್ರ, ಹೂಮಾಲೆ, ಆಭರಣ, ಆಸನ, ಚಾಮರ, ಆಸ್ಥಾನ, ಮಕ್ಕಳು, ಅನ್ನ, ಕುಡಿಯುವ ನೀರು, ಪಾದಗಳ ಅಭ್ಯಂಗ, ವಾಹನ, ಕೊಡೆ, ಹಾಸಿಗೆ, ಧೂಪ, ಸ್ತ್ರೀಯರು.

ಒಂದೊಂದನ್ನೂ ಅರಸ ಬಿಡಿಬಿಡಿಯಾಗಿ ವರ್ಣಿಸುತ್ತಾನೆ. ವಸ್ತ್ರದ ಅಧ್ಯಾಯ ಒಂದು ಭೂಗೋಳದ ಪಾಠದಂತಿದೆ. ನಾಗಪಟ್ಟಣ, ಪಾಂಡ್ಯದೇಶ, ಸಿಂಹಳ, ಗೋಪಕ ಅಂದರೆ ಗೋವೆ, ಮೂಲಸ್ಥಾನ ಅಂದರೆ ಮುಲ್ತಾನ್, ಕಳಿಂಗ, ವಂಗ, ಮಹಾಚೀನ, ಹೀಗೆ ಬಟ್ಟೆ ಬರುವ ಊರು ನಾಡುಗಳ ಹೆಸರು ಸಾಲುಗಟ್ಟುತ್ತವೆ. ಯಾವ ಋತುವಿಗೆ ಯಾವ ಬಟ್ಟೆ ಎಂಬುದಕ್ಕೂ ನಿಯಮವಿದೆ. ಕುಡಿಯುವ ನೀರಿನ ಅಧ್ಯಾಯದಲ್ಲಿ ಮಳೆಯ ನೀರು, ಹೊಳೆಯ ನೀರು, ಬಾವಿಯ ನೀರು ಎಂದು ವಿಂಗಡಿಸಿ, ಅದಕ್ಕೆ ಪರಿಮಳ ಕೂಡಿಸುವ ಬಗೆಯನ್ನು ತಿಳಿಸುತ್ತಾನೆ.

ಅನ್ನದ ಅಧ್ಯಾಯವನ್ನು ಓದಿದರೆ ನಮಗೆ ಗುರುತಿನವರು ಸಿಕ್ಕಂತಾಗುತ್ತದೆ. ‘ಇಡ್ಡರಿಕೆ’ ಎಂಬ ತಿಂಡಿ ಅಲ್ಲಿದೆ. ಉದ್ದಿನ ಹಿಟ್ಟಿನಿಂದ ಮಾಡಿ, ಮೆಣಸು, ಜೀರಿಗೆ, ಇಂಗಿನಿಂದ ರುಚಿಗೊಳಿಸುತ್ತಿದ್ದರು. ನಮ್ಮ ಇಡ್ಲಿಯ ಪೂರ್ವಜ ಇದೇ. ಇದಕ್ಕೂ ಮುಂಚೆ, 10ನೆಯ ಶತಮಾನದ ಕನ್ನಡ ಗದ್ಯಕೃತಿ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಮಾತು ಬಂದಿದೆ. ದೋಸೆಯ ಹಿರಿಯಣ್ಣ ‘ದೋಸಕ’ ಇದೆ. ಬೆಳಗಾವಿ ಕಡೆಯ ಮದುವೆಗಳಲ್ಲಿ ಇಂದಿಗೂ ಬಡಿಸುವ ಮಂಡಿಗೆಯ ಮೂಲರೂಪ ‘ಮಂಡಕ’ ಇದೆ. ಅಕ್ಕಿ ಬೇಳೆಗಳ ಅಡುಗೆಯ ಜತೆಗೆ ಮಾಂಸ ಮೀನುಗಳ ಹಲವು ಬಗೆಯ ಅಡುಗೆಗಳನ್ನೂ, ಹೊಲದ ಇಲಿಯನ್ನು ಬೇಯಿಸುವ ವಿಧಾನವನ್ನೂ ಅರಸ ಸಂಕೋಚವಿಲ್ಲದೆ ಬರೆದಿದ್ದಾನೆ.

ಪುಸ್ತಕದಲ್ಲಿ ಓದಿದ ಆಭರಣಗಳನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಹುಮನಾಬಾದ್ ತಾಲ್ಲೂಕಿನ ಜಲಸಂಗವಿಗೆ ಹೋಗಬೇಕು. ಅಲ್ಲಿನ ಕಲ್ಮೇಶ್ವರ ದೇವಾಲಯದ ಹೊರಗೋಡೆಯಲ್ಲಿ ಚಾಲುಕ್ಯ ಶಿಲ್ಪಿಗಳು ಮದನಿಕೆಯರ ಸಾಲನ್ನೇ ನಿಲ್ಲಿಸಿದ್ದಾರೆ. ಕೊರಳ ಹಾರ, ತೋಳಬಂದಿ, ಸೊಂಟದ ಡಾಬು, ಕಾಲ್ಗಡಗ, ತುರುಬಿನ ಅಲಂಕಾರ ಎಲ್ಲವೂ ಕಲ್ಲಿನಲ್ಲಿ ಉಳಿದಿವೆ. ಅವರಲ್ಲೊಬ್ಬಳು ವಿಕ್ರಮಾದಿತ್ಯನ ಹೊಗಳಿಕೆಯನ್ನು ತಾನೇ ಕಲ್ಲಿನ ಮೇಲೆ ಬರೆಯುತ್ತ ನಿಂತಿದ್ದಾಳೆ. ಅಕ್ಷರ ಬರೆಯುವ ಹೆಣ್ಣಿನ ಶಿಲ್ಪ ಅಪರೂಪವಾದುದರಿಂದ ವಿದ್ವಾಂಸರು ಇದನ್ನು ಮತ್ತೆ ಮತ್ತೆ ನೆನೆಯುತ್ತಾರೆ.

ಎರಡನೆಯ ಪಟ್ಟಿ: ದುಡಿದವರ ಹೆಸರುಗಳು

ಸೋಮೇಶ್ವರನ ಪಟ್ಟಿಯಲ್ಲಿ ಪಾದುಕೆ ಇದೆ, ಅದನ್ನು ಹೊಲಿದವನ ಹೆಸರಿಲ್ಲ. ಬಟ್ಟೆ ಇದೆ, ನೇಯ್ದವನಿಲ್ಲ, ಒಗೆದವನಿಲ್ಲ. ಕೊಡೆ ಇದೆ, ಬಿಸಿಲಿನಲ್ಲಿ ನಿಂತು ಅದನ್ನು ಹಿಡಿದವನಿಲ್ಲ. ಅರಸನ ಗ್ರಂಥದಲ್ಲಿ ಅದನ್ನು ನಿರೀಕ್ಷಿಸುವುದೂ ತಪ್ಪಾದೀತು. ಆದರೆ ಅದೇ ಊರಿನಲ್ಲಿ ಇನ್ನೊಂದು ತಲೆಮಾರಿನೊಳಗೆ ಆ ಹೆಸರುಗಳು ಒಂದೊಂದಾಗಿ ಹೊರಬಂದವು.

1150ರ ದಶಕದಲ್ಲಿ ಚಾಲುಕ್ಯರ ಬಲ ಕುಗ್ಗಿ, ಅವರ ಸಾಮಂತನಾಗಿದ್ದ ಕಳಚುರಿ ಬಿಜ್ಜಳ ಅಧಿಕಾರವನ್ನು ಕೈಗೆ ತೆಗೆದುಕೊಂಡನು. ಅವನ ಬಳಿ ಭಂಡಾರಿಯಾಗಿದ್ದವರು ಬಸವಣ್ಣನವರು. ದಿನವೂ ಹೊನ್ನನ್ನು ಎಣಿಸುವ ಕೆಲಸ. ಅವರ ಸುತ್ತ ಸೇರಿದ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳಿಗೆ ಹೊಸ ಅರ್ಥ ಕೊಟ್ಟರು. ಪ್ರತಿಯೊಬ್ಬರೂ ದುಡಿದು ಉಣ್ಣಬೇಕು. ಉಂಡು ಮಿಕ್ಕದ್ದು ಸಮಾಜದ್ದು.

ಈಗ ಆ ಇಪ್ಪತ್ತು ಭೋಗಗಳ ಪಕ್ಕದಲ್ಲಿ ಶರಣರ ಹೆಸರುಗಳನ್ನು ಬರೆದು ನೋಡಿ. ಪಾದುಕೆಯ ಪಕ್ಕದಲ್ಲಿ ಹರಳಯ್ಯ. ತಾಂಬೂಲದ ಪಕ್ಕದಲ್ಲಿ ಹಡಪದ ಅಪ್ಪಣ್ಣ. ಹಡಪ ಎಂದರೆ ಎಲೆಯಡಿಕೆಯ ಚೀಲ. ವಸ್ತ್ರದ ಪಕ್ಕದಲ್ಲಿ ಮಡಿವಾಳ ಮಾಚಯ್ಯ. ಹೂಮಾಲೆಯ ಪಕ್ಕದಲ್ಲಿ ಹೂಗಾರ ಮಾದಯ್ಯ. ಕೊಡೆಯ ಪಕ್ಕದಲ್ಲಿ ಸತ್ತಿಗೆ ಕಾಯಕದ ಮಾರಿತಂದೆ. ಸತ್ತಿಗೆ ಎಂದರೆ ಕೊಡೆ. ಅನ್ನದ ಪಕ್ಕದಲ್ಲಿ, ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯ. ಇವರಲ್ಲಿ ಹಲವರು ವಚನಗಳನ್ನು ರಚಿಸಿ, ತಮ್ಮದೇ ಅಂಕಿತ ಹಾಕಿದರು.

ಪಟ್ಟಿಯ ಕೊನೆಯ ಅಂಶವನ್ನು ಇನ್ನೊಮ್ಮೆ ನೋಡಬೇಕು. ಅರಸ ಸ್ತ್ರೀಯರನ್ನು ಭೋಗಗಳ ಸಾಲಿನಲ್ಲಿ ಎಣಿಸಿದ್ದಾನೆ. ಆ ಕಾಲದ ಅರಮನೆಯ ದೃಷ್ಟಿ ಅದು. ಅದೇ ಶತಮಾನ ಮುಗಿಯುವುದರೊಳಗೆ ಅಕ್ಕಮಹಾದೇವಿ, ನೀಲಮ್ಮ, ಸತ್ಯಕ್ಕ, ಲಕ್ಕಮ್ಮ ಮೊದಲಾದ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು ನಮ್ಮ ಭಾಷೆಯಲ್ಲಿ ಮಾತನಾಡಿದರು. ಪಟ್ಟಿಯೊಳಗಿನ ವಸ್ತುವಾಗಿದ್ದವರು ಮಾತನಾಡುವ ವ್ಯಕ್ತಿಗಳಾದರು.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಶರಣರು ಮದುವೆ ಮಾಡಿಸಿದ ಕಾರಣಕ್ಕೆ ಇಬ್ಬರು ತಂದೆಯರನ್ನೂ ಕ್ರೂರವಾಗಿ ಕೊಲ್ಲಲಾಯಿತೆಂದು ಪರಂಪರೆ ಹೇಳುತ್ತದೆ. 1167ರ ಸುಮಾರಿಗೆ ಕಲ್ಯಾಣ ಹೊತ್ತಿ ಉರಿಯಿತು, ಶರಣರು ಚೆದುರಿದರು.

ಗುಡಿಸಲಿಗೆ ಬಂದ ಹೊನ್ನು

ಹಠಾತ್ತಾಗಿ ಸಂಪತ್ತು ಬಂದರೆ ಏನು ಮಾಡಬೇಕೆಂಬ ನಮ್ಮ ಮೊದಲ ಪ್ರಶ್ನೆಗೆ ಶರಣ ಪರಂಪರೆಯಲ್ಲಿ ನೇರ ಉತ್ತರ ಕೊಡುವ ಎರಡು ಕಥೆಗಳಿವೆ.

ಮೊದಲನೆಯದು ಮೋಳಿಗೆ ಮಾರಯ್ಯನವರದು. ಇವರು ಕಾಶ್ಮೀರದ ಅರಸರಾಗಿದ್ದು, ರಾಜ್ಯ ಬಿಟ್ಟು, ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬದುಕಿದರೆಂದು ಪರಂಪರೆ ಹೇಳುತ್ತದೆ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಹುಮನಾಬಾದ್ ತಾಲ್ಲೂಕಿನ ಮೊಳಕೇರಾದಲ್ಲಿ ಅವರ ಹೆಸರಿನ ಗವಿಯಿದೆ. ಒಂದು ದಿನ ಮಾರಯ್ಯನವರು ಕಾಡಿಗೆ ಹೋಗಿದ್ದಾಗ ಬಸವಣ್ಣನವರು ಮಾರುವೇಷದಲ್ಲಿ ಬಂದು ಊಟ ಮಾಡಿ, ಈ ದಂಪತಿಗಳ ಬಡತನ ಕಂಡು ಮರುಗಿ, ಹೊನ್ನಿನ ಗಂಟುಗಳನ್ನು ಗುಟ್ಟಾಗಿ ಇಟ್ಟು ಹೋದರಂತೆ. ಹೊರೆ ಇಳಿಸಿ ಒಳಗೆ ಬಂದ ಮಾರಯ್ಯನವರು ಹೊನ್ನನ್ನು ಕಂಡು ಹಿಗ್ಗಲಿಲ್ಲ. ಇದು ನಮ್ಮ ಕಾಯಕದಿಂದ ಬಂದುದಲ್ಲ ಎಂದು ಅದನ್ನು ಅಲ್ಲಿದ್ದ ಜಂಗಮರಿಗೆ ಹಂಚಿಬಿಟ್ಟರು. ಕಾಶ್ಮೀರದ ಕವಿಯೊಬ್ಬ ಸಿರಿಯನ್ನು ಹುಡುಕಿಕೊಂಡು ಬಂದ ಊರಿಗೇ ಕಾಶ್ಮೀರದ ಅರಸನೊಬ್ಬ ಸಿರಿಯನ್ನು ಬಿಟ್ಟು ಬಂದನೆಂದು ಜನ ನೆನೆದುಕೊಂಡಿದ್ದಾರೆ.

ಎರಡನೆಯ ಕಥೆ ಆಯ್ದಕ್ಕಿ ಲಕ್ಕಮ್ಮನವರದು. ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ತಾವೂ ಉಂಡು ಬಂದವರಿಗೂ ಬಡಿಸುತ್ತಿದ್ದರು. ಒಂದು ದಿನ ಮಾರಯ್ಯ ಎಂದ��ಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಸಂತೋಷಪಡಲಿಲ್ಲ. ಅತಿಯಾಸೆ ಅರಮನೆಗೆ ಹೊಂದೀತು, ನಮಗೆ ಹೊಂದದು, ಮಿಕ್ಕಿದ್ದನ್ನು ಅಲ್ಲೇ ಸುರಿದು ಬನ್ನಿ ಎಂಬ ಅರ್ಥದ ಮಾತು ಹೇಳಿ ಗಂಡನನ್ನು ಹಿಂದಕ್ಕೆ ಕಳಿಸಿದರು. ಇಲ್ಲಿ ಬಂದ ಸಂಪತ್ತು ಕೋಟಿಯಲ್ಲ, ಒಂದೆರಡು ಹಿಡಿ ಅಕ್ಕಿ. ತನಗೆ ಎಷ್ಟು ಬೇಕೆಂಬ ಲೆಕ್ಕ ಆಕೆಗೆ ಮೊದಲೇ ಗೊತ್ತಿತ್ತು. ಆದ್ದರಿಂದ ಹೆಚ್ಚಾದದ್ದು ಎಷ್ಟೆಂಬುದೂ ತಕ್ಷಣ ತಿಳಿಯಿತು.

ಯಾವುದು ಇತಿಹಾಸ, ಯಾವುದು ಐತಿಹ್ಯ?

ಇತಿಹಾಸದ ವಿದ್ಯಾರ್ಥಿ ಇಲ್ಲಿ ಒಂದು ಎಚ್ಚರ ವಹಿಸಬೇಕು. ಅರಸರ ಆಳ್ವಿಕೆಯ ವರ್ಷಗಳು ಶಾಸನಗಳಿಂದ ತಿಳಿದವು. ‘ಮಾನಸೋಲ್ಲಾಸ’ ಅದೇ ಕಾಲದಲ್ಲಿ ಬರೆದ ಗ್ರಂಥ. ಬಸವಣ್ಣನವರ ಉಲ್ಲೇಖ 1260ರ ಅರ್ಜುನವಾಡ ಶಾಸನದಲ್ಲಿ ಸಿಗುತ್ತದೆ. ಆದರೆ ಗುಡಿಸಲಿನ ಹೊನ್ನು, ಮಿಕ್ಕಿದ ಅಕ್ಕಿ ಇವುಗಳ ಕಥೆಗಳನ್ನು ನಾವು ಕೇಳುವುದು ಮುಂದಿನ ಶತಮಾನಗಳ ಪುರಾಣಗಳಿಂದ ಮತ್ತು 15ನೆಯ ಶತಮಾನದಲ್ಲಿ ಸಂಕಲನಗೊಂಡ ‘ಶೂನ್ಯಸಂಪಾದನೆ’ಯಂಥ ಕೃತಿಗಳಿಂದ. ವಿಜ್ಞಾನದ ಪ್ರಯೋಗಾಲಯದಲ್ಲಿ ಅಳತೆಯನ್ನೂ ಅಂದಾಜನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯುವಂತೆ ಇವನ್ನೂ ಬೇರೆಯಾಗಿಯೇ ಬರೆದುಕೊಳ್ಳಬೇಕು. ಹಾಗೆಂದು ಐತಿಹ್ಯ ನಿರುಪಯೋಗಿಯಲ್ಲ. ಒಂದು ಸಮಾಜ ಯಾವ ಕಥೆಯನ್ನು ನೂರಾರು ವರ್ಷ ಕಾಪಾಡಿಕೊಂಡು ಬಂದಿತೆಂಬುದೇ ಒಂದು ಸಾಕ್ಷ್ಯ. ಮೋಳಿಗೆ ಮಾರಯ್ಯನವರ ಎಂಟುನೂರಕ್ಕೂ ಹೆಚ್ಚು ವಚನಗಳು, ಲಕ್ಕಮ್ಮನವರ ವಚನಗಳು ಕಥೆಯಿಂದಾಚೆಗೂ ನಮ್ಮ ಕೈಯಲ್ಲಿವೆ.

ಈ ಎರಡೂ ಪಟ್ಟಿಗಳು ಅಚ್ಚಿನ ಬೆಳಕು ಕಂಡ ಕಾಲವೂ ಹತ್ತಿರ ಹತ್ತಿರದ್ದೇ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಪ್ರಕಟವಾಯಿತು. ‘ಮಾನಸೋಲ್ಲಾಸ’ದ ಮೊದಲ ಸಂಪುಟ 1925ರಲ್ಲಿ ಬರೋಡದಲ್ಲಿ, ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರಿನಲ್ಲಿ ಅದರ ಒಂದು ಭಾಗ 1926ರಲ್ಲಿ ಮೈಸೂರಿನಲ್ಲಿ ಹೊರಬಂದವು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿದ ಮೇಲೆ ಅವು ಯಾವ ಗ್ರಂಥಾಲಯದಲ್ಲಾದರೂ ಸಿಗುವಂತಾದವು.

ಚಕ್ರವರ್ತಿಯ ಭೋಗ, ನಮ್ಮ ಬಳಕೆ

ಈಗ ಅರಸನ ಪಟ್ಟಿಯನ್ನು ನಮ್ಮ ಮನೆಗಳೊಡನೆ ಹೋಲಿಸೋಣ. ಕಾಲಿಗೆ ಚಪ್ಪಲಿ, ಮಳೆಗೆ ಕೊಡೆ, ಮಲಗಲು ಹಾಸಿಗೆ, ಬೆಳಿಗ್ಗೆ ಇಡ್ಲಿ, ದೇವರ ಮುಂದೆ ಊದುಬತ್ತಿ ಇಂದು ಬಹಳಷ್ಟು ಮನೆಗಳಲ್ಲಿವೆ. ಸುಮಾತ್ರಾದಿಂದ ಬರುತ್ತಿದ್ದ ಹರಳು ರಸಾಯನಶಾಸ್ತ್ರದ ಭಾಷೆಯಲ್ಲಿ ಬೋರ್ನಿಯಾಲ್; ನಮ್ಮ ಆರತಿಯ ಕರ್ಪೂರದ ಹತ್ತಿರದ ಸಂಬಂಧಿ. 20ನೆಯ ಶತಮಾನದ ಆರಂಭದಲ್ಲಿ ಟರ್ಪೆಂಟೈನ್ ಎಣ್ಣೆಯಿಂದ ಕರ್ಪೂರ ತಯಾರಿಸುವ ಕಾರ್ಖಾನೆಗಳು ಬಂದವು. ಅಲ್ಲಿಂದ ಅದು ಕಿರಾಣಿ ಅಂಗಡಿಯ ಸಣ್ಣ ಪೊಟ್ಟಣವಾಯಿತು. ಒಂದು ಕಾಲದ ಭೋಗ ಇನ್ನೊಂದು ಕಾಲದ ಬಳಕೆಯಾಗುವುದು ಹೀಗೆ. ಇದು ಒಳ್ಳೆಯದೇ, ಯಾರೂ ಇದಕ್ಕಾಗಿ ನಾಚಬೇಕಾಗಿಲ್ಲ. ಒಳ್ಳೆಯ ಬಟ್ಟೆ, ಗಟ್ಟಿ ಮನೆ, ರುಚಿಯಾದ ಊಟ ಬಯಸುವುದು ತಪ್ಪೆಂದು ಬಡವರ ಮಕ್ಕಳಿಗೆ ಉಪದೇಶ ಮಾಡುವುದು ನ್ಯಾಯವೂ ಅಲ್ಲ.

ಆದರೆ ಪಟ್ಟಿಯ ಒಂದು ಗುಣ ಮಾತ್ರ 900 ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ. ವಸ್ತುವಿನ ಮೇಲೆ ಕಂಪನಿಯ ಹೆಸರಿರುತ್ತದೆ, ಮಾಡಿದವರ ಹೆಸರಿರುವುದಿಲ್ಲ. ಕಲ್ಯಾಣದ ಈ ನಾಡು ಮುಂದೆ ಬಹಮನಿ, ಬರೀದಶಾಹಿ, ಮೊಗಲ, ನಿಜಾಮರ ಆಳ್ವಿಕೆಗಳನ್ನು ಕಂಡು, 1948ರಲ್ಲಿ ಭಾರತದ ಒಕ್ಕೂಟಕ್ಕೆ, 1956ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಹಿಂದುಳಿದ ಪ್ರದೇಶವೆಂದು ಸಂವಿಧಾನದ 371ಜೆ ವಿಧಿಯ ಮೂಲಕ ವಿಶೇಷ ಸ್ಥಾನ ದೊರೆತದ್ದು 2013ರಲ್ಲಿ. 2019ರಲ್ಲಿ ಇದಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಚಕ್ರವರ್ತಿ ಇಪ್ಪತ್ತು ಭೋಗಗಳನ್ನು ಎಣಿಸಿದ ನೆಲದ ಎಷ್ಟೋ ಜನ ಇಂದು ಹೈದರಾಬಾದ್, ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಗೆಳೆಯರ ಹರಟೆಯಲ್ಲಿ ನಾವು ಕೊಳ್ಳುವ ಆ ಬೆಂಗಳೂರಿನ ಫ್ಲಾಟಿನ ಗೋಡೆಗೆ ಗಾರೆ ಮೆತ್ತಿದವರು ಬೀದರ್ ಜಿಲ್ಲೆಯವರೇ ಆಗಿರಬಹುದು, ನಮ್ಮ ಪಕ್ಕದ ಬೆಂಚಿನ ಗೆಳೆಯನ ಅಪ್ಪ ಅವ್ವನೇ ಆಗಿರಬಹುದು.

ಆದ್ದರಿಂದ ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿ ನೋಡಿ. ಹಠಾತ್ತಾಗಿ ಹಣ ಬಂದರೆ ಕೊಳ್ಳಬೇಕೆನಿಸುವ ಹತ್ತು ವಸ್ತುಗಳನ್ನು ಬರೆಯಿರಿ. ಸಂಕೋಚ ಬೇಡ, ಸೋಮೇಶ್ವರನಂತೆ ಬಿಚ್ಚುಮನಸ್ಸಿನಿಂದ ಬರೆಯಿರಿ. ಪಕ್ಕದಲ್ಲಿ ಎರಡನೆಯ ಸಾಲು ಎಳೆದು, ಪ್ರತಿಯೊಂದು ವಸ್ತು ಎಲ್ಲಿಂದ ಬರುತ್ತದೆ, ಯಾರ ಕೈಯಿಂದ ಆಗುತ್ತದೆ, ಆ ಕೈಗೆ ದಿನದ ಕೂಲಿ ಎಷ್ಟು ಸಿಗುತ್ತದೆ ಎಂಬುದನ್ನು ವಿಚಾರಿಸಿ ತುಂಬಿರಿ. ಮೂರನೆಯ ಸಾಲಿನಲ್ಲಿ ನಿಮಗೆ ಎಷ್ಟಾದರೆ ಸಾಕು ಎಂಬುದನ್ನು ಬರೆಯಿರಿ. ಲಕ್ಕಮ್ಮನವರು ಕೇಳಿದ ಲೆಕ್ಕ ಇದು. ಮೊದಲ ಸಾಲನ್ನು ತುಂಬಲು ಐದು ನಿಮಿಷ ಸಾಕು. ಎರಡನೆಯದಕ್ಕೆ ಮನೆಯ ಹಿರಿಯರನ್ನೂ ಊರಿನ ಕೆಲಸಗಾರರನ್ನೂ ಮಾತನಾಡಿಸಬೇಕಾದೀತು. ಒಂದು ವಾರವೇ ಹಿಡಿಯಬಹುದು. ಅಷ್ಟರಲ್ಲಿ ಬಿಡುವಾದರೆ ಜಲಸಂಗವಿಯ ಮದನಿಕೆಯರನ್ನೂ ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿಯನ್ನೂ ಒಂದೇ ದಿನದ ಪ್ರವಾಸದಲ್ಲಿ ನೋಡಿಕೊಂಡು ಬನ್ನಿ.